ಮುಂದಿನ ಸಾಲಿನ ತಲೆ

ಕನ್ನಡಕದವರಿಗೆ ಸಿಟ್ಟು ಬರಲು ಸಾಮಾನ್ಯವಾಗಿ ಕಾರಣ ಬೇಕಾಗುವುದಿಲ್ಲ. ಬಸ್ಸಿನ ಗಂಟೆ ಎರಡು ಸಲ ಬಾರಿಸಿದರೂ ಬರುತ್ತದೆ, ಒಂದೇ ಸಲ ಬಾರಿಸಿದರೂ ಬರುತ್ತದೆ. ಆದರೆ ಈ ಸಲ ಬಂದ ಸಿಟ್ಟಿಗೆ ಮಾತ್ರ ಘನವಾದ ಕಾರಣವಿತ್ತೆಂದು ಅವರ ಶತ್ರುಗಳೂ ಒಪ್ಪಬೇಕು. ಮನುಷ್ಯನ ಚಪ್ಪಲಿ ಕಳುವಾಗುವುದುಂಟು, ಕೊಡೆ ಕಳುವಾಗುವುದುಂಟು. ಕತ್ತಿನ ಮೇಲೆ ಭದ್ರವಾಗಿ ಕೂತಿದ್ದ ತಲೆಯೇ ಹಾಡಹಗಲಲ್ಲಿ ಕಳುವಾಗಿ, ಮಹಡಿಯ ಮೇಲಿನ ಮನೆಯವನ ಸೊತ್ತಾದರೆ ಯಾರು ತಾನೇ ಸುಮ್ಮನಿರುತ್ತಾರೆ?

ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವರು. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು, ಉಸಿರು ಕಟ್ಟಿ ಬಿಗಿಯುತ್ತಾರೆ. ಹೀಗೆ ದಿನವೆಲ್ಲ ಉಸಿರು ಕಟ್ಟುವವರು ಸಂಜೆ ಮನೆಯಲ್ಲಿ ಅದನ್ನು ಒಟ್ಟಿಗೆ ಬಿಡುತ್ತಾರೆ ಎನ್ನುವುದು ಹೆಂಡತಿಯ ಅನುಭವ. ಓರೆಯಾಗಿರುವುದು ಯಾವುದೂ ಅವರಿಗೆ ಆಗದು. ಪರರ ಮನೆಗೆ ಹೋದರೂ ಗೋಡೆಯ ಫೋಟೋ ನೆಟ್ಟಗೆ ಮಾಡಿಯೇ ಕೂರುವುದು. ತಲೆ ಮಾತ್ರ ಮದುವೆಯಾದ ಹೊಸತರಲ್ಲೇ ಕೂದಲಿನ ಋಣ ಹರಿದುಕೊಂಡು, ಒಳ್ಳೆ ಗಾಜಿನ ಹಾಗೆ ನುಣ್ಣಗಾಗಿತ್ತು.

ಎಲ್ಲದಕ್ಕೂ ಮೂಲ ಒಂದು ಫೋನು.

"ನಮಸ್ಕಾರ ಸಾರ್. ನೀವು ಫ್ಯಾನ್ ಅಲ್ವಾ?" ಎಂದು ಆ ಕಡೆಯಿಂದ ಒಬ್ಬ ಹುಡುಗಿ ಕೇಳಿದಳು.

ಹಿಂದಿನ ವಾರವಷ್ಟೇ ಅವರು ಹೊಸ ಸೀಲಿಂಗ್ ಫ್ಯಾನ್ ಹಾಕಿಸಿದ್ದರು. ಅದು ಹಾಕಿದ ದಿನದಿಂದ ಕಟಕಟ ಅನ್ನುತ್ತಿತ್ತು. ಕಂಪನಿಗೆ ಫೋನ್ ಮಾಡಿ ಮಾಡಿ ಬೇಸತ್ತಿದ್ದರು.

"ಹೌದಮ್ಮ, ನಂದೇ ಫ್ಯಾನು. ಅಂತೂ ನೆನಪಾಯ್ತಲ್ಲ ನಿಮಗೆ!"

"ಎಷ್ಟು ವರ್ಷದಿಂದ ಸಾರ್?"

"ವರ್ಷ ಎಲ್ಲಿಂದ ಬಂತು? ಹೋದ ವಾರದಿಂದ. ಅಷ್ಟಕ್ಕೇ ನಿದ್ದೆ ಹಾರಿಹೋಗಿದೆ. ಕಣ್ಣು ಮುಚ್ಚಿದ್ರೆ ಸಾಕು, ಅದೇ ಸದ್ದು ಕಿವೀಲಿ."

"ಹೋದ ವಾರ ಮೊದಲನೇ ಸಲ ಕೇಳಿ ಇಷ್ಟೊಂದಾ ಸಾರ್! ನಿಮ್ಮ ಮಾತು ಹೃದಯಕ್ಕೆ ತಟ್ತು."

"ಹೃದಯಕ್ಕೆ ತಟ್ಟಿದ್ರೆ ನನಗೇನು ಬಂತು? ಯಾರನ್ನಾದ್ರೂ ಕಳಿಸಿ."

"ಕಳಿಸೋದಲ್ಲ ಸಾರ್, ನೀವೇ ಬರಬೇಕು. ಮುಂದಿನ ಸಾಲಲ್ಲೇ ಕೂರಿಸ್ತೀವಿ."

"ಫ್ಯಾನು ಬಿಚ್ಚಿ ತಗೊಂಡು ಬರ್ಲಾ?"

"ಒಬ್ಬರಿಗೆ ಮಾತ್ರ ಸಾರ್ ಅವಕಾಶ. ಬೇರೆ ಫ್ಯಾನ್ ಯಾರನ್ನೂ ಕರ್ಕೊಂಡು ಬರೋ ಹಾಗಿಲ್ಲ."

ಇನ್ನೂ ಕೊಂಚ ಹೊತ್ತು ಹೀಗೇ ಎತ್ತು ಏರಿಗೆಳೆದು ಕೋಣ ನೀರಿಗೆಳೆದ ಮೇಲೆ ವಿಷಯ ತಿಳಿಯಿತು. ಊರೂರಲ್ಲಿ ಮೈದಾನ ತುಂಬಿಸಿ ಹಾಡುವ, ಗೋಡೆಗೋಡೆಯ ಮೇಲೂ ಚಿತ್ರವಿರುವ ಆ ಮಹಾ ಗಾಯಕಿ ಈ ಸಲ ಮೈದಾನ ಬಿಟ್ಟು, ಸಣ್ಣದೊಂದು ಕೋಣೆಯಲ್ಲಿ ಬೆರಳೆಣಿಕೆಯ ಅಭಿಮಾನಿಗಳ ಎದುರು ಕೂತು ಹಾಡುತ್ತಾಳಂತೆ. ಅದನ್ನು ಸಿನಿಮಾ ಮಾಡುತ್ತಾರಂತೆ. ಆ ಬೆರಳೆಣಿಕೆಯಲ್ಲಿ ಕನ್ನಡಕದವರದೂ ಒಂದು ಬೆರಳು.

ಇಲ್ಲಿ ಅವರು ಒಂದು ನಿಮಿಷ ಸುಮ್ಮನಿದ್ದು, ನನ್ನ ಹೆಸರು ಇವರಿಗೆ ಹೇಗೆ ಸಿಕ್ಕಿತು ಎಂದು ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎದುರಿಗೆ ಮಾವ ಕೂತಿದ್ದರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮಾವ, ಅಳಿಯನ ಬಾಯಿಂದ ಬಂದ ಯಾವ ಮಾತನ್ನೂ ಮದುವೆಯ ದಿನದಿಂದ ಇವತ್ತಿನವರೆಗೆ "ಸಾಕ್ಷಿ ಏನು?" ಎಂದು ಕೇಳದೆ ಒಪ್ಪಿದವರಲ್ಲ. ಇಂಥ ಮಾವನ ಎದುರಿಗೆ ಫೋನು ಕೆಳಗಿಟ್ಟು, ಕನ್ನಡಕದವರು ಗಂಟಲು ಸರಿಮಾಡಿಕೊಂಡು ಹೇಳಿದರು:

"ಆ ಗಾಯಕಿ ಕಡೆಯಿಂದ. ನಾನೇ ಬರಬೇಕಂತೆ. ಮುಂದಿನ ಸಾಲು."

"ಸಾಕ್ಷಿ ಏನು?" ಎಂದರು ಮಾವ.

"ಸಿನಿಮಾ ಬರುತ್ತಲ್ಲ, ನೋಡಿ. ಪರದೆ ಮೇಲೆ ನನ್ನ ಮುಖ ಇರುತ್ತೆ, ಇಷ್ಟಗಲ."

ಹೆಂಡತಿ ಈ ಸುದ್ದಿಯನ್ನು ಮೆಟ್ಟಿಲ ಬಳಿ ಬಿಟ್ಟಳು. ಅದು ತಾನಾಗಿಯೇ ಮಹಡಿ ಹತ್ತಿತು, ಇಳಿಯಿತು, ಪಕ್ಕದ ಬೀದಿಗೂ ಹೋಗಿ ಬಂತು. ಸಂಜೆ ಕಾಲೇಜಿನಿಂದ ಮಗಳು ಬರುವ ಹೊತ್ತಿಗೆ ಕನ್ನಡಕದವರ ಕೈ ಕುಲುಕಲು ಜನ ಬಾಗಿಲಲ್ಲಿ ನಿಂತಿದ್ದರು.

ಮಗಳು ಸುದ್ದಿ ಕೇಳಿ ಚೀಲ ಎಸೆದು ಕುಣಿದಳು. ಮರುಕ್ಷಣವೇ, ಹೋಗುತ್ತಿರುವುದು ಯಾರೆಂದು ಕೇಳಿ ಕುಣಿತ ನಿಲ್ಲಿಸಿದಳು.

"ಅಪ್ಪಾ, ಅದು ನಂದು! ಅರ್ಜಿ ಹಾಕಿದ್ದು ನಾನು! ನನ್ನ ಫೋನ್ ಕೆಟ್ಟಿತ್ತು ಅಂತ ನಿನ್ನ ಹೆಸರು, ನಿನ್ನ ನಂಬರ್ ಕೊಟ್ಟಿದ್ದೆ ಅಷ್ಟೇ. ಅವಳ ಒಂದು ಹಾಡಾದ್ರೂ ಗೊತ್ತಾ ನಿನಗೆ?"

ಈಗ ಕನ್ನಡಕದವರ ಪರಿಸ್ಥಿತಿ ನೋಡಿ. ಒಂದು ಕಡೆ ಸತ್ಯ, ಇನ್ನೊಂದು ಕಡೆ ಮಾವ. ಬಾಗಿಲಲ್ಲಿ ಮಹಡಿಯ ಮೇಲಿನ ವಿಮೆ ಏಜೆಂಟು ಹಲ್ಲು ಬಿಟ್ಟುಕೊಂಡು ನಿಂತಿದ್ದಾನೆ. ಅವರು ಸತ್ಯದ ಕಡೆ ಒಮ್ಮೆ ನೋಡಿ, ಮಾವನ ಕಡೆ ಒಮ್ಮೆ ನೋಡಿ, ದೃಢವಾಗಿ ಅಂದರು:

"ಹೆಸರು ಯಾರದ್ದೋ ಅವರೇ ಹೋಗ್ಬೇಕು. ನಿಯಮ ಅಂದ್ರೆ ನಿಯಮ. ನಾನು ಹೋಗಿ ಎಲ್ಲಾ ನೋಡ್ಕೊಂಡು ಬಂದು ನಿನಗೆ ಹೇಳ್ತೀನಲ್ಲ!"

ಅವತ್ತಿನಿಂದ ಮಗಳು ಅವರೊಂದಿಗೆ ಮಾತು ಬಿಟ್ಟಳು. ಮಾತೇ ಇಲ್ಲವೆಂದಲ್ಲ, ಅಮ್ಮನ ಮೂಲಕ ಇತ್ತು. "ಅಮ್ಮಾ, ಅವರಿಗೆ ಉಪ್ಪಿನ ಡಬ್ಬಿ ಈ ಕಡೆ ತಳ್ಳೋಕೆ ಹೇಳು." ಡಬ್ಬಿ ಅಪ್ಪನ ಮೊಣಕೈ ಪಕ್ಕದಲ್ಲಿ, ಮಗಳು ಎದುರಿಗೆ, ಅಮ್ಮ ಅಡುಗೆಮನೆಯಲ್ಲಿ. ಅಮ್ಮ ಅಲ್ಲಿಂದ ಕೂಗಿ ಹೇಳಬೇಕು, ಅಪ್ಪ ತಳ್ಳಬೇಕು. ಅಪ್ಪ ಎಂಬ ಪದವೇ ಆ ಮನೆಯಿಂದ ಹೊರಟುಹೋಗಿ, ಅದರ ಜಾಗದಲ್ಲಿ 'ಅವರು' ಬಂದು ಕೂತಿತು. ಎಷ್ಟು ದಿನ ನಡೆಯುತ್ತದೆ, ಹಸಿದರೆ ತಾನಾಗಿಯೇ ಬಾಯಿ ಬಿಡುತ್ತಾಳೆ ಎಂದುಕೊಂಡಿದ್ದರು ಕನ್ನಡಕದವರು. ಹುಡುಗಿ ಬಾಯಿ ಬಿಟ್ಟಳು, ಉಂಡಳು, ಮತ್ತೆ ಮುಚ್ಚಿಕೊಂಡಳು.

ಕಾರ್ಯಕ್ರಮದ ದಿನ ಕನ್ನಡಕದವರು ಕೋಟು ಹಾಕಿಕೊಂಡು ಹೋದರು. ಬಾಗಿಲಲ್ಲೇ ಅಲ್ಲಿನವರು ಫೋನು ಕಿತ್ತಿಟ್ಟುಕೊಂಡರು. ಅಲ್ಲಿಂದಲೇ ಸಿಟ್ಟು ಶುರುವಾಯಿತು. ಒಳಗೆ ಹೋದರೆ, ಒಂದು ಮನೆಯ ನಡುಮನೆಯಂತೆ ಸಿಂಗರಿಸಿದ್ದಾರೆ: ಹಳೆ ಸೋಫಾ, ಕಂಬಳಿ, ಮಂದ ದೀಪ, ಗೋಡೆ ತುಂಬ ಪುಸ್ತಕ. ಮುಟ್ಟಿ ನೋಡಿದರೆ ಪುಸ್ತಕವಲ್ಲ, ಹಲಗೆಗೆ ಬಣ್ಣ. ಗಡಿಯಾರ ಓಡುತ್ತಿಲ್ಲ. ಕಿಟಕಿಯ ಆಚೆ ಗೋಡೆ. "ಇದು ಮನೆಯಾ? ಇದರಲ್ಲಿ ಯಾರು ವಾಸ ಮಾಡ್ತಾರೆ?" ಎಂದು ಅವರು ಪಕ್ಕದ ಹುಡುಗನನ್ನು ಕೇಳಿದರು. ಹುಡುಗ ಆಗಲೇ ಅಳುತ್ತಿದ್ದ. ಗಾಯಕಿ ಇನ್ನೂ ಬಂದಿರಲಿಲ್ಲ.

ಗಾಯಕಿ ಬಂದಳು. ಬರಿಗಾಲು, ಸಾದಾ ಅಂಗಿ, ಮೂಗಿನ ಮೇಲೆ ಒಂದು ಕನ್ನಡಕ. ಮೆಲ್ಲನೆ ಕಂಬಳಿಯ ಮೇಲೆ ಕೂತು, "ಇವತ್ತು ನಾವು ನಾವೇ. ನನ್ನ ಮನೆಗೆ ಬಂದಿದ್ದೀರಿ ಅಂದ್ಕೊಳ್ಳಿ" ಎಂದಳು. ಎಲ್ಲರೂ ಕರಗಿಹೋದರು. ಆಗ ಕ್ಯಾಮರಾದವನು "ಇನ್ನೊಮ್ಮೆ" ಎಂದ. ಅವಳು ಎದ್ದು ಹೋಗಿ, ಮತ್ತೆ ಬಂದು, ಮತ್ತೆ ಮೆಲ್ಲನೆ ಕೂತು, ಇವತ್ತು ನಾವು ನಾವೇ ಎಂದಳು. ಎಲ್ಲರೂ ಮತ್ತೆ ಕರಗಿದರು. ಕನ್ನಡಕದವರು ಮಾತ್ರ ಕರಗಲಿಲ್ಲ. ಒಬ್ಬ ಅತಿಥಿಯನ್ನು ಒಂದೇ ಮನೆಗೆ ಎರಡು ಸಲ ಸ್ವಾಗತಿಸುವುದು ಅವರಿಗೆ ಅವಮಾನವಾಗಿ ಕಂಡಿತು.

ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಅವಳ ಕನ್ನಡಕ ವಾಲಿತ್ತು. ಬಲಗಡೆ ಕಡ್ಡಿಯ ತಿರುಪು ಸಡಿಲ. ಎಡಗಣ್ಣು ಗಾಜಿನ ನಡುವಿಗಿದ್ದರೆ ಬಲಗಣ್ಣು ಅಂಚಿಗೆ ಬಂದಿತ್ತು. ಹಾಡಿನ ಮೇಲೆ ಹಾಡು ಹೋಗುತ್ತಿದೆ, ಜನ ತೂಗುತ್ತಿದ್ದಾರೆ, ಇವರ ಕಣ್ಣು ಆ ಕನ್ನಡಕದ ಮೇಲೆ. ಬೆರಳು ತುರಿಸುತ್ತಿದೆ. ಕೊನೆಗೆ ಅವಳು ಸತ್ತ ಅಜ್ಜಿಯ ಮೇಲೆ ಕಟ್ಟಿದ ಹಾಡು ಎತ್ತಿದಳು. ವಾದ್ಯಗಳು ಒಂದೊಂದಾಗಿ ನಿಂತವು. ಕೋಣೆಯಲ್ಲಿ ಉಸಿರಿನ ಸದ್ದೂ ಇಲ್ಲ. ಕೊನೆಯ ಸಾಲಿಗೆ ಅವಳು ತಲೆ ಬಾಗಿಸಿದಳು. ಕನ್ನಡಕ ಇನ್ನಷ್ಟು ಜಾರಿತು. ಕನ್ನಡಕದವರಿಗೆ ತಡೆಯಲಾಗಲಿಲ್ಲ. ಅರ್ಧ ಎದ್ದು, ಕೈ ಮುಂದೆ ಮಾಡಿ, "ಅಮ್ಮಾ, ನಿಮ್ಮ ಕನ್ನಡಕ..." ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಕೋಟು ಹಿಡಿದು ಜಗ್ಗಿ ಕೂರಿಸಿದರು.

ಮನೆಗೆ ಬಂದು, ಕೊಟ್ಟ ಮಾತಿನಂತೆ ಮಗಳಿಗೆ ಕೇಳಿಸುವ ಹಾಗೆ ಎಲ್ಲವನ್ನೂ ಹೆಂಡತಿಗೆ ವರದಿ ಮಾಡಿದರು. ಪುಸ್ತಕದ ಬಣ್ಣ ಹೇಳಿದರು, ಗಡಿಯಾರ ಹೇಳಿದರು, ಕಿಟಕಿ ಹೇಳಿದರು.

"ಅಮ್ಮಾ, ಯಾವ್ಯಾವ ಹಾಡು ಹೇಳಿದ್ಲು ಅಂತ ಕೇಳು."

"ಹಾಡು..." ಕನ್ನಡಕದವರು ಯೋಚಿಸಿದರು. "ತುಂಬ ಇದ್ವು."

ಮಗಳು ಕೋಣೆಯ ಬಾಗಿಲು ಹಾಕಿಕೊಂಡ ಸದ್ದಿಗೆ ಗೋಡೆಯ ಫೋಟೋ ಓರೆಯಾಯಿತು.

ಮುಂದೆ ಕೆಲವು ತಿಂಗಳು ಕನ್ನಡಕದವರ ಜೀವನದ ಸುವರ್ಣಯುಗ. ಅಂಗಡಿಗೆ ಬಂದವರು ಗಾಜಿನ ನಂಬರು ಬಿಟ್ಟು ಗಾಯಕಿಯ ವಿಷಯ ಕೇಳುತ್ತಿದ್ದರು. "ನನ್ನ ಕಡೆಗೇ ನೋಡಿ ಹಾಡಿದ್ಲು ರೀ," ಎಂದು ಶುರುವಾದದ್ದು, "ನಾನು ಏನೋ ಹೇಳೋಕೆ ಎದ್ದೆ, ಅವಳ ಕಣ್ಣಲ್ಲಿ ನೀರು" ಎನ್ನುವವರೆಗೆ ಬೆಳೆಯಿತು. ಸಿನಿಮಾ ಬರಲಿ, ಪರದೆ ಮೇಲೆ ನೋಡುವಿರಂತೆ ಎಂದು ಎಲ್ಲರಿಗೂ ಹೇಳಿಟ್ಟರು.

ಸಿನಿಮಾ ಬಂತು. ಹೆಂಡತಿ, ಮಾವನೊಂದಿಗೆ ಮೊದಲ ದಿನವೇ ಹೋದರು. ಮಗಳು ಗೆಳತಿಯರ ಜೊತೆ ಬೇರೆ ಆಟಕ್ಕೆ ಹೋದಳು.

ಹಾಡಿನ ಮೇಲೆ ಹಾಡು. ಅಳುವ ಹುಡುಗ ಬಂದ, ಅವನ ಪಕ್ಕದವಳು ಬಂದಳು, ಬಾಗಿಲು ಕಾಯುವವನು ಕೂಡ ಬಂದ. ಕನ್ನಡಕದವರ ಮುಖ ಬರಲಿಲ್ಲ. ಮಾವ ಪ್ರತಿ ಹಾಡು ಮುಗಿದಾಗಲೂ ಅಳಿಯನ ಕಡೆ ತಿರುಗಿ, ಏನೂ ಹೇಳದೆ ಮತ್ತೆ ಪರದೆಯ ಕಡೆ ತಿರುಗುತ್ತಿದ್ದರು. ಏನಾದರೂ ಹೇಳಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಕೊನೆಯ ಹಾಡು. ಪರದೆ ತುಂಬ ಗಾಯಕಿಯ ಮುಖ. ಕೊನೆಯ ಸಾಲು. ಅವಳ ಕಣ್ಣಂಚಿನಲ್ಲಿ ಏನೋ ಮಿನುಗಿತು. ಇನ್ನೇನು ಉದುರಬೇಕು. ಅಷ್ಟರಲ್ಲಿ ಪರದೆಯ ಕೆಳಗಿನಿಂದ, ಗುಡ್ಡದ ಮರೆಯಿಂದ ಚಂದ್ರ ಏಳುವಂತೆ, ನುಣ್ಣನೆಯ ಒಂದು ತಲೆ ನಿಧಾನವಾಗಿ ಎದ್ದಿತು. ಎದ್ದು, ಗಾಯಕಿಯ ಮುಖವನ್ನು ಪೂರ್ತಿ ಮುಚ್ಚಿ, ಥಳಥಳ ಹೊಳೆದು, ಗಕ್ಕನೆ ಕೆಳಗೆ ಮುಳುಗಿತು. ಮತ್ತೆ ಗಾಯಕಿ ಕಂಡಾಗ ಕೆನ್ನೆ ಒದ್ದೆಯಾಗಿತ್ತು. ಕಣ್ಣೀರು ಉದುರಿ ಆಗಿತ್ತು.

ಚಿತ್ರಮಂದಿರದ ತುಂಬ "ಓಓಓ!" ಎಂಬ ಕೂಗು ಎದ್ದಿತು.

"ನಾನು! ಅದು ನಾನು!" ಎಂದು ಕನ್ನಡಕದವರು ಎದ್ದು ನಿಂತರು. "ನೋಡಿದ್ರಾ, ಜನ ಹೇಗೆ ಕೂಗಿದ್ರು!"

ಮಾವ ಕತ್ತಲಲ್ಲೇ ಅಂದರು: "ಅದು ಹಿಂದಲೆ. ಹಿಂದಲೆ ಯಾರದ್ದಾದ್ರೂ ಆಗಬಹುದು. ಸಾಕ್ಷಿ ಏನು?"

ಇದು ಎಂಥ ಪ್ರಶ್ನೆ ಎಂಬುದು ತಿಳಿಯಬೇಕಾದರೆ ಓದುಗರು ತಮ್ಮ ಹಿಂದಲೆಯನ್ನು ತಾವೇ ಒಮ್ಮೆ ನೆನಪಿಸಿಕೊಂಡು ನೋಡಬೇಕು. ಹುಟ್ಟಿದಾರಭ್ಯ ಹೊತ್ತು ತಿರುಗಿದರೂ ಒಡೆಯನಿಗೇ ಅದರ ಪರಿಚಯವಿಲ್ಲ. ಕನ್ನಡಕದವರು ಮನೆಗೆ ಬಂದು ಎರಡು ಕನ್ನಡಿ ಹಿಡಿದು ಕತ್ತು ತಿರುಗಿಸಿ ನೋಡಿಕೊಂಡರು. ಏನೋ ಕಂಡಿತು. ಅದು ತಮ್ಮದೇ ಎಂದು ಪ್ರಮಾಣ ಮಾಡುವಷ್ಟು ಸಲಿಗೆ ಅದರೊಂದಿಗೆ ಅವರಿಗಿರಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಬಳಿ ಜನ ಗುಂಪಾಗಿದ್ದರು. ತಮ್ಮನ್ನು ಅಭಿನಂದಿಸಲು ಬಂದವರೆಂದು ಕನ್ನಡಕದವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದರು. ಗುಂಪಿನ ನಡುವೆ ವಿಮೆ ಏಜೆಂಟು ನಿಂತಿದ್ದ. ಅವನ ತಲೆಯೂ ಇವರ ತಲೆಯಷ್ಟೇ ಬರಿದು. ಹಿಂದೆ ಮುಂದೆ ತಿರುಗಿ ಎಲ್ಲರಿಗೂ ತೋರಿಸುತ್ತಿದ್ದ.

"ಹೇಳ್ಕೊಳ್ಳೋದು ಬೇಡ ಅಂತಿದ್ದೆ," ಎನ್ನುತ್ತಿದ್ದ ವಿಮೆಯವನು. "ನಮ್ಮ ಕಂಪನಿ ಮೂಲಕ ನನಗೂ ಕರೆ ಬಂದಿತ್ತು. ಪರದೆ ಮೇಲೆ ಬಂದ್ಬಿಟ್ಟಿದೆ, ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಅವಳು ಅಳೋದು ನೋಡಿ ತಡೀಲಾರದೆ ಎದ್ದೆ. ಜೀವ ಅನ್ನೋದು ಎಷ್ಟು ಕ್ಷಣಿಕ ಅಂತ ಆಗ ಅನ್ನಿಸ್ತು. ನಿಮ್ಮದು ಪಾಲಿಸಿ ಮಾಡಿಸಿದ್ದು ಯಾವಾಗ?"

"ಏ! ಅದು ನನ್ನ ತಲೆ ಕಣಯ್ಯಾ!" ಎಂದು ಕನ್ನಡಕದವರು ಗರ್ಜಿಸಿದರು.

"ನಿಮ್ಮ ತಲೆ ನಿಮ್ಮ ಹತ್ರಾನೇ ಇದೆಯಲ್ಲ ಸಾರ್," ಎಂದ ವಿಮೆಯವನು ಸಮಾಧಾನವಾಗಿ. "ನಾನು ಅದಕ್ಕೆ ಆಸೆಪಟ್ಟಿಲ್ಲ. ಪರದೆ ಮೇಲಿಂದು ಮಾತ್ರ ನಂದು."

"ನೀನು ಅಲ್ಲಿ ಇರಲೇ ಇಲ್ಲ! ನಾನು ನೋಡಿಲ್ಲ ನಿನ್ನ!"

"ನಾನೂ ನಿಮ್ಮನ್ನ ನೋಡಿಲ್ಲ."

ಜನ ಇಬ್ಬರ ತಲೆಯನ್ನೂ ಸುತ್ತ ಬಂದು ನೋಡಿದರು. ಕೆಳಮನೆಯ ಅಜ್ಜಿ ಕನ್ನಡಕದವರ ತಲೆ ಸವರಿ ನೋಡಿ, ವಿಮೆಯವನ ತಲೆ ಸವರಿ ನೋಡಿ, "ಸಿನಿಮಾದ್ದು ಇನ್ನೂ ದೊಡ್ಡದಿತ್ತಪ್ಪ" ಎಂದು ಇಬ್ಬರನ್ನೂ ತಳ್ಳಿಹಾಕಿದರು.

ಕನ್ನಡಕದವರಿಗೆ ಅನ್ನ ಸೇರಲಿಲ್ಲ. ಊಟದ ಮೇಜಿನಲ್ಲೇ ಗುಡುಗಿದರು. "ನಾಳೆ ನನ್ನ ಮೂಗು ಅವನದು ಅಂತಾನೆ! ನಾಡಿದ್ದು ನನ್ನ ಹೆಂಡತಿ..."

"ನನ್ನ ಯಾಕೆ ಎಳೀತೀರಿ ಮಧ್ಯ?" ಎಂದಳು ಹೆಂಡತಿ.

ಅಷ್ಟರಲ್ಲಿ ಮಗಳು ತಟ್ಟೆಯಿಂದ ತಲೆ ಎತ್ತದೆ ಅಂದಳು: "ಅಮ್ಮಾ, ಆ ತಲೆ ವಿಮೆಯವರದ್ದೇ ಅಂತ ಒಪ್ಕೊಂಡು ಸುಮ್ನೆ ಇರೋಕೆ ಹೇಳು ಅವರಿಗೆ."

ಕನ್ನಡಕದವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮಾವ ನಂಬದಿದ್ದರೆ ಹೋಗಲಿ, ಅದು ಅವರ ಕಸುಬು. ಹೆತ್ತ ಮಗಳೂ ಶತ್ರುವಿನ ಪಕ್ಷ! ಅವರು ಎದ್ದು, ಕೈ ತೊಳೆದು, ಸಾಕ್ಷಿ ಹುಡುಕಲು ಹೊರಟೇಬಿಟ್ಟರು.

ಮೊದಲು ಕ್ಷೌರದವನ ಹತ್ತಿರ ಹೋದರು. ಆ ಬೀದಿಯ ಹಿಂದಲೆಗಳನ್ನೆಲ್ಲ ಹತ್ತಿರದಿಂದ ಬಲ್ಲವನು ಅವನೊಬ್ಬನೇ. ಇವರು ವಿಷಯ ಹೇಳುತ್ತಿದ್ದಂತೆ ಕತ್ತರಿ ಕೆಳಗಿಟ್ಟು ಕೈ ಮುಗಿದ.

"ಸಾರ್, ನಿಮ್ಮ ತಲೆಯಲ್ಲೂ ಉಳಿದಿರೋದು ಕಿವಿ ಪಕ್ಕದ ನಾಲ್ಕು ಕೂದಲು, ಅವರ ತಲೆಯಲ್ಲೂ ಅಷ್ಟೇ. ಆ ಎಂಟು ಕೂದಲಿಂದ ನನ್ನ ಸಂಸಾರ ನಡೀಬೇಕು. ಒಬ್ಬರ ಪರ ಸಾಕ್ಷಿ ಹೇಳಿದ್ರೆ ಅರ್ಧ ಸಂಸಾರ ಹೋಯ್ತು."

"ಸತ್ಯ ಅನ್ನೋದು ಬೇಡ್ವೇನಯ್ಯಾ?"

"ಮುಂದಿನಿಂದ ನೋಡಿದ್ರೆ ಮನುಷ್ಯ ಮನುಷ್ಯನಿಗೆ ವ್ಯತ್ಯಾಸ ಸಾರ್. ಹಿಂದಿನಿಂದ ಎಲ್ಲಾ ಒಂದೇ."

ಇಷ್ಟು ದೊಡ್ಡ ವೇದಾಂತವನ್ನು ಅಲ್ಲೇ ಬಿಟ್ಟು ಕನ್ನಡಕದವರು ಅಲ್ಲಿಂದ ಸೀದಾ ಚಿತ್ರಮಂದಿರದ ವ್ಯವಸ್ಥಾಪಕನ ಕೋಣೆಗೆ ನುಗ್ಗಿದರು.

"ಆ ಜಾಗದಲ್ಲಿ ಸಿನಿಮಾ ನಿಲ್ಲಿಸಬೇಕು. ನಾನು ಪರದೆ ಕೆಳಗೆ ಹಿಂದಕ್ಕೆ ತಿರುಗಿ ನಿಲ್ತೀನಿ. ಅವನೂ ನಿಲ್ಲಲಿ. ಎದುರಿಗೇ ಹೋಲಿಸಿ ತೀರ್ಮಾನ ಆಗ್ಬೇಕು. ಇದು ನನ್ನ ತಲೆಯ ಪ್ರಶ್ನೆ!"

ವ್ಯವಸ್ಥಾಪಕ ಮೊದಲು ಕಾವಲಿನವನನ್ನು ಕರೆಯಲು ಗಂಟೆಗೆ ಕೈ ಹಾಕಿದ. ಆಮೇಲೆ ಕೈ ತಡೆದು ಕೇಳಿದ. "ಒಂದ್ನಿಮಿಷ. ಆ ತಲೆ... ಕೊನೇ ಹಾಡಿಂದು... ಅದು ನಿಮ್ದಾ?"

"ನೂರಕ್ಕೆ ನೂರು ನಂದು!"

"ಎಲ್ಲರೆದುರಿಗೆ ಹೇಳ್ತೀರಾ?"

"ಗೋಪುರ ಹತ್ತಿ ಹೇಳ್ತೀನಿ!"

ವ್ಯವಸ್ಥಾಪಕ ತಾನೇ ಎದ್ದು ಕುರ್ಚಿ ಎಳೆದು ಕೂರಿಸಿದ. ಟೀ ತರಿಸಿದ. ಬರುವ ಭಾನುವಾರದ ಮಧ್ಯಾಹ್ನದ ಆಟಕ್ಕೆ ಬರಬೇಕೆಂದು ಕೈ ಕುಲುಕಿ ಕಳಿಸಿದ. ಮನುಷ್ಯರಲ್ಲಿ ಇನ್ನೂ ನ್ಯಾಯಬುದ್ಧಿ ಸತ್ತಿಲ್ಲವೆಂದು ಕನ್ನಡಕದವರ ಕಣ್ಣು ತೇವವಾಯಿತು. ಮರುದಿನ ಚಿತ್ರಮಂದಿರದ ಹೊರಗೆ ಬೋರ್ಡು ಬಿತ್ತು: "ಭಾನುವಾರ ಮಧ್ಯಾಹ್ನ, 'ಆ ತಲೆ' ಖುದ್ದು ಹಾಜರು!" ಸಂಜೆಯೊಳಗೆ ಟಿಕೆಟ್ ಖಾಲಿ.

"ನೋಡು, ಜನಕ್ಕೆ ಎಷ್ಟು ಆಸೆ," ಎಂದು ಕನ್ನಡಕದವರು ಹೆಂಡತಿಗೆ ತೋರಿಸಿದರು.

ಮಗಳು ಅದನ್ನು ಕೇಳಿ ಬೆಳ್ಳಗಾದಳು. "ಅಮ್ಮಾ, ಹೋಗಬೇಡ ಅಂತ ಹೇಳು. ಕಾಲಿಗೆ ಬೀಳ್ತೀನಿ ಅಂತ ಹೇಳು."

"ಯಾಕಂತೆ?" ಎಂದರು ಕನ್ನಡಕದವರು.

"ನಮ್ಮ ಫ್ಯಾನ್ಸೆಲ್ಲ ಆ ತಲೆಗೆ ಏನು ಹೆಸರಿಟ್ಟಿದ್ದಾರೆ ಅಂತ ಗೊತ್ತಾ ಅಂತ ಕೇಳು."

"ಹೆಸರು ಬೇರೆ ಇಟ್ಟಿದ್ದಾರಾ!" ಕನ್ನಡಕದವರ ಮುಖ ಅರಳಿತು. ಏನು ಹೆಸರೆಂದು ಕೇಳುವ ತಾಳ್ಮೆಯೂ ಇಲ್ಲದೆ ಕೋಟು ಇಸ್ತ್ರಿಗೆ ಕೊಡಲು ಓಡಿದರು.

ಭಾನುವಾರ. ಚಿತ್ರಮಂದಿರ ಕಿಕ್ಕಿರಿದಿತ್ತು, ತುಂಬ ಹುಡುಗ ಹುಡುಗಿಯರು. ಮುಂದಿನ ಸಾಲಿನಲ್ಲಿ ಒಂದು ತುದಿಗೆ ಕನ್ನಡಕದವರು, ಹೆಂಡತಿ, ಮಾವ. ಇನ್ನೊಂದು ತುದಿಗೆ ಕೈತುಂಬ ಪಾಲಿಸಿಯ ಕಾಗದ ಹಿಡಿದ ವಿಮೆಯವನು. ಹಾಡುಗಳು ಮುಗಿದವು. ಕೊನೆಯ ಸಾಲು ಬಂತು, ಕಣ್ಣೀರು ಮಿನುಗಿತು, ತಲೆ ಎದ್ದಿತು. ಅಲ್ಲಿಗೆ ಚಿತ್ರ ನಿಂತಿತು. ದೀಪ ಹತ್ತಿತು. ಪರದೆ ತುಂಬ ಬರೀ ತಲೆ.

ವ್ಯವಸ್ಥಾಪಕ ಮೈಕು ಹಿಡಿದು ಇಬ್ಬರನ್ನೂ ವೇದಿಕೆಗೆ ಕರೆದ. ಇಬ್ಬರೂ ಜನಕ್ಕೆ ಬೆನ್ನು ಮಾಡಿ ನಿಂತರು. ಮೇಲೆ ಒಂದು, ಕೆಳಗೆ ಎರಡು. ಜನ ಈ ಕಡೆ ಆ ಕಡೆ ನೋಡಿದರು.

"ಎಡಗಡೆದು!" ಎಂದ ಒಬ್ಬ. "ಬಲಗಡೆದು!" ಎಂದ ಇನ್ನೊಬ್ಬ.

"ಯಾರಾದ್ರೂ ಸರಿ, ನನ್ನ ಕಣ್ಣೀರು ವಾಪಸ್ ಕೊಡಿ!" ಎಂದು ಹಿಂದಿನಿಂದ ಒಂದು ಹೆಣ್ಣುದನಿ ಕಿರುಚಿತು. ಬೆನ್ನು ಮಾಡಿ ನಿಂತಿದ್ದ ಕನ್ನಡಕದವರು ಇದನ್ನೂ ಅಭಿಮಾನವೆಂದೇ ತಿಳಿದರು.

ಮಾವ ಎದ್ದು ನಿಂತರು. ಕೋರ್ಟಿನ ದನಿ. "ಇಬ್ಬರ ಹತ್ರಾನೂ ಸಾಕ್ಷಿ ಇಲ್ಲ. ನನ್ನ ಅಳಿಯ ಅನ್ನೋ ದಾಕ್ಷಿಣ್ಯ ಬಿಟ್ಟು ಹೇಳ್ತೀನಿ: ಇವನು ಸುಳ್ಳ. ಮದುವೆ ದಿನಾನೇ ನನಗೆ ಅನುಮಾನ ಇತ್ತು."

ಹಾಲ್ ತುಂಬ ನಗು. ಬೆನ್ನು ಮಾಡಿ ನಿಂತ ಕನ್ನಡಕದವರ ಭುಜ ಒಮ್ಮೆ ಕುಸಿದಂತಾಯಿತು. "ನಾನು ಹೋಗಿದ್ದೆ ರೀ," ಎಂದರು ಪರದೆಯ ಕಡೆಗೇ ಮುಖ ಮಾಡಿ. "ದೇವರಾಣೆ ಹೋಗಿದ್ದೆ." ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದರ ಕಾಲು ಮುರಿದಿತ್ತು.

"ಅವರು ಸುಳ್ಳ ಅಲ್ಲ!"

ಗೆಳತಿಯರ ನಡುವೆ, ನಡುಸಾಲಿನಲ್ಲಿ ಮಗಳು ಎದ್ದು ನಿಂತಿದ್ದಳು. ಪಕ್ಕದವಳು ಕೈ ಹಿಡಿದು ಎಳೆದರೂ ಕೂರಲಿಲ್ಲ.

"ಅದು ನಮ್ಮಪ್ಪನ ತಲೆ. ಅಷ್ಟೂ ವರ್ಷ ನನ್ನನ್ನ ಸ್ಕೂಲಿಗೆ ಸೈಕಲ್ ಮೇಲೆ ಬಿಟ್ಟು ಬಂದಿದ್ದು ಅವರೇ. ಹಿಂದೆ ಕೂತು ದಾರಿ ಉದ್ದಕ್ಕೂ ನಾನು ನೋಡಿದ್ದು ಅದೊಂದನ್ನೇ. ಬಲಗಿವಿ ಹಿಂದೆ ಒಂದು ಮಡಿಕೆ ಇದೆ. ಲಾರಿಯವರ ಜೊತೆ ಜಗಳ ಆಡಿದಾಗೆಲ್ಲ ಅದು ಕೆಂಪಾಗ್ತಿತ್ತು. ಅಪ್ಪನಿಗೆ ಸಿಟ್ಟು ಬಂದಿದೆ ಅಂತ ನನಗೆ ಗೊತ್ತಾಗ್ತಿದ್ದಿದ್ದೇ ಅದರಿಂದ. ಅಲ್ಲಿ ನೋಡಿ, ಪರದೆ ಮೇಲೆ. ಕೆಂಪಗಿದೆ. ಇಲ್ಲೂ ನೋಡಿ!"

ಎಲ್ಲರೂ ನೋಡಿದರು. ಪರದೆಯ ಮೇಲಿನ ತಲೆಯಲ್ಲಿ ಬಲಗಿವಿಯ ಹಿಂದೆ ಒಂದು ಮಡಿಕೆ, ಕೆಂಡದಂತೆ. ಕೆಳಗೆ ಕನ್ನಡಕದವರ ಕಿವಿಯ ಹಿಂದೆ ಅದೇ ಮಡಿಕೆ, ಅದಕ್ಕಿಂತ ಕೆಂಪು. ವಿಮೆಯವನ ತಲೆ ಹದಿನೈದು ವರ್ಷದ ಪಾಲಿಸಿಯಂತೆ ತಣ್ಣಗೆ, ಬೆಳ್ಳಗೆ ಇತ್ತು.

ಮಾವ ಕಣ್ಣು ಕಿರಿದು ಮಾಡಿ ಮೇಲೆ ನೋಡಿದರು, ಕೆಳಗೆ ನೋಡಿದರು. ನಿಧಾನವಾಗಿ ಕೂತರು. "ಸಾಕ್ಷಿ ಒಪ್ಪಿದೆ," ಎಂದರು.

ಕನ್ನಡಕದವರು ಜಯಶಾಲಿಯಾಗಿ ಜನದ ಕಡೆ ತಿರುಗಿದರು. ಎರಡೂ ಕೈ ಮೇಲೆತ್ತಿದರು. ಚಪ್ಪಾಳೆಗೆ ಕಾದರು.

ಹಿಂದಿನ ಸಾಲಿನಿಂದ ಒಬ್ಬ ಎದ್ದು ಬೆರಳು ತೋರಿಸಿದ.

"ಹಾಗಾದ್ರೆ ಗ್ರಹಣ ನೀವೇನಾ?"

"ಏನು ಗ್ರಹಣ?"

"ಅಜ್ಜಿ ಹಾಡಿಗೆ ಅವಳು ಇಷ್ಟು ವರ್ಷದಲ್ಲಿ ಮೊದಲನೇ ಸಲ ಅತ್ತಿದ್ದು. ಅದನ್ನ ನೋಡೋಕೆ ಅಂತ ಬಂದ್ರೆ ಬರೀ ಬೋಳುತಲೆ! ನಾನು ನಾಲ್ಕು ಸಲ ದುಡ್ಡು ಕೊಟ್ಟು ನೋಡಿದ್ದೀನಿ. ನಾಲ್ಕು ಸಲಾನೂ ಇದೇ ತಲೆ!"

ಹಾಲ್ ಪೂರ್ತಿ ಎದ್ದು ನಿಂತಿತು. "ಗ್ರಹಣ! ಗ್ರಹಣ!" ಎಂಬ ಕೂಗು. ಮೊದಲ ಪಾಪ್‌ಕಾರ್ನ್ ಪೊಟ್ಟಣ ಹಾರಿ ಬಂತು.

"ನಾನು ಅಲ್ಲಿಗೆ ಹೋಗೇ ಇರ್ಲಿಲ್ಲ ಕಣ್ರಪ್ಪಾ!" ಎಂದು ವಿಮೆಯವನು ಪಾಲಿಸಿಯ ಕಾಗದಗಳನ್ನು ತಲೆಯ ಮೇಲೆ ಹಿಡಿದು ಪಕ್ಕದ ಬಾಗಿಲಿನಿಂದ ಮಾಯವಾದ. "ನನಗೆ ಹಾಡು ಅಂದ್ರೇ ಆಗಲ್ಲ!" ಎಂಬುದು ಹೊರಗಿನಿಂದ ಕೇಳಿಸಿತು. ಮೈಕು ಹಿಡಿದಿದ್ದ ವ್ಯವಸ್ಥಾಪಕ ಎಲ್ಲಿ ಹೋದನೆಂದು ಯಾರಿಗೂ ತಿಳಿಯಲಿಲ್ಲ.

ಕನ್ನಡಕದವರು ಮಾತ್ರ ಕದಲಲಿಲ್ಲ. ಅವರ ಸಿಟ್ಟಿಗೆ ಈಗ ಮುರಿದ ಕಾಲು ಕೂಡಿಕೊಂಡು, ಇನ್ನೆರಡು ಹೊಸ ಕಾಲೂ ಬಂದಿದ್ದವು. "ಯಾರ್ರೀ ಗ್ರಹಣ? ನನಗೆ ಹೇಳ್ತೀರಾ? ಅವಳ ಕನ್ನಡಕ ವಾಲಿತ್ತು! ಬಲಗಡೆ ತಿರುಪು ಸಡಿಲ ಆಗಿತ್ತು! ನಿಮಗೆ ಯಾರಿಗಾದ್ರೂ ಕಣ್ಣು ಇದ್ಯಾ? ಅಲ್ಲಿ ಅಷ್ಟು ಜನ ಇದ್ರು, ಒಬ್ಬರಾದ್ರೂ ಹೇಳಿದ್ರಾ ಅವಳಿಗೆ?"

ಎರಡನೆಯ ಪೊಟ್ಟಣ ಎದೆಗೆ ಬಿತ್ತು. ಮೂರನೆಯದು ಮಾವನಿಗೆ. "ಮೇಲ್ಮನವಿ ಆಮೇಲೆ ಹಾಕೋಣ, ಓಡಿ!" ಎಂದು ಮಾವ ಜೀವಮಾನದಲ್ಲಿ ಮೊದಲ ಬಾರಿಗೆ ಸಾಕ್ಷಿ ಕೇಳದೆ ಬಾಗಿಲ ಕಡೆ ಹೊರಟರು. ಹೆಂಡತಿ ಅವರ ಹಿಂದೆ.

ಅಷ್ಟರಲ್ಲಿ ಕುರ್ಚಿಗಳನ್ನು ಹಾರಿಕೊಂಡು ಮಗಳು ವೇದಿಕೆ ಹತ್ತಿ ಬಂದಳು. ಬಂದವಳೇ ಕೋಟಿನ ತೋಳು ಹಿಡಿದು ಜಗ್ಗಿದಳು.

"ಅಪ್ಪಾ, ತಲೆ ತಗ್ಗಿಸು!"

ಕನ್ನಡಕದವರು ಥಟ್ಟನೆ ಮಾತು ನಿಲ್ಲಿಸಿದರು. ಅಷ್ಟು ಗಲಾಟೆಯ ನಡುವೆ ಮಗಳ ಕಡೆ ತಿರುಗಿ, ಭಾಷಣಕ್ಕೆ ಎತ್ತಿದ ಕೈಯನ್ನು ಎತ್ತಿದ ಹಾಗೇ ಬಿಟ್ಟು, ಕೇಳಿದರು:

"ಯಾರಿಗೆ ಹೇಳಿದ್ದು? ಅಮ್ಮನಿಗಾ, ನನಗಾ?"

"ನಿನಗೇ! ನಿನಗೇ ಹೇಳ್ತಿರೋದು! ತಗ್ಗಿಸು ಅಂದ್ನಲ್ಲ!"

ತಂಪು ಪಾನೀಯದ ಒಂದು ದೊಡ್ಡ ಲೋಟ ಗಾಳಿಯಲ್ಲಿ ತಿರುಗುತ್ತ ಬರುತ್ತಿತ್ತು. ಹುಟ್ಟಿದಾಗಿನಿಂದ ಯಾರ ಮಾತಿಗೂ ಎದುರಾಡದೆ ಇದ್ದವರಲ್ಲ ಕನ್ನಡಕದವರು. ಈ ಸಲ ಒಂದು ಮಾತೂ ಆಡದೆ, ಇದ್ದಷ್ಟು ತಲೆಯನ್ನೂ ತಗ್ಗಿಸಿ, ಮಗಳು ಎಳೆದ ಕಡೆ ಓಡಿದರು.